ರೊಟ್ಟಿ ಮಷಿನಿನ ಐದು ವರ್ಷದ ಖರ್ಚು

ಇಳಕಲ್,
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಮಗ ನಾಗಲಿಂಗನಿಗೆ,

ನಿನ್ನ ಅಪ್ಪ ಅಮಾತೆಪ್ಪನ ಆಶೀರ್ವಾದ. ಹೇಗಿದ್ದೀ? ಗುವಾಹಟಿಯಲ್ಲಿ ಚಳಿ ಶುರುವಾಗಿರಬೇಕು. ನೆಲಕ್ಕೆ ಕಲ್ಲು ಕೂಡಿಸುವವನಿಗೆ ಮೊಣಕಾಲೇ ಬಂಡವಾಳ. ದಿನವಿಡೀ ತಣ್ಣನೆಯ ನೆಲದ ಮೇಲೆ ಮೊಣಕಾಲೂರಿ ಕೂಡುವಾಗ ಕೆಳಗೆ ಎರಡು ಮಡಿಕೆ ಗೋಣಿಚೀಲವನ್ನಾದರೂ ಹಾಕಿಕೋ. ಅಷ್ಟು ದೊಡ್ಡ ಆಸ್ಪತ್ರೆಗೆ ನಮ್ಮ ಊರಿನ ಕೆಂಪು ಕಲ್ಲು ಹಾಸುತ್ತಿದ್ದೀರಿ ಎಂದು ನಾನು ಇಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಆದರೆ ಹಾಸಿದವನೇ ಮುಂದೆ ಅದೇ ಆಸ್ಪತ್ರೆಯ ಮಂಚ ಹಿಡಿಯಬಾರದಲ್ಲ. ಊಟ ಸರಿಯಾಗಿದೆಯೇ? ಅನ್ನ ತಿಂದು ತಿಂದು ಬೇಸರವಾಗಿದೆ ಎಂದಿದ್ದೆ. ಹೋದ ತಿಂಗಳು ಕಳಿಸಿದ ಖಡಕ್ ರೊಟ್ಟಿಯಲ್ಲಿ ಎಷ್ಟು ಪುಡಿಯಾಗಿದ್ದವು, ಎಷ್ಟು ಇಡಿಯಾಗಿದ್ದವು ಎಂಬುದನ್ನು ನೀನು ಇನ್ನೂ ತಿಳಿಸಿಲ್ಲ. ತಿಳಿಸಿದರೆ ಡಬ್ಬಿ ಕಟ್ಟುವ ರೀತಿ ಬದಲಿಸಬಹುದು.

ಇಲ್ಲಿ ನಾವೆಲ್ಲರೂ ಆರಾಮ ಎಂದು ಬರೆಯುವುದು ರೂಢಿ. ನಾನು ಆ ಸಾಲು ಬರೆಯುವುದಿಲ್ಲ. ಯಾರು ಎಷ್ಟು ಆರಾಮ ಎಂಬುದು ಓದುತ್ತ ಹೋದಂತೆ ನಿನಗೇ ತಿಳಿಯುತ್ತದೆ. ನನ್ನ ಬಿ.ಪಿ. ಹದದಲ್ಲಿದೆ. ನಿನ್ನ ಮಗಳು ನೀಲಾ ಮಗ್ಗಿಯನ್ನು ಹದಿನಾರರವರೆಗೆ ತಡವರಿಸದೆ ಹೇಳುತ್ತಾಳೆ, ಹದಿನೇಳರಲ್ಲಿ ಅವಳಿಗೂ ನನಗೂ ಜಗಳ. ನಾಲ್ಕು ತಿಂಗಳಿಂದ ತನ್ನ ಜಡೆಯನ್ನು ತಾನೇ ಹಾಕಿಕೊಳ್ಳುತ್ತಾಳೆ, ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯಲ್ಲಿ. ಮೊಮ್ಮಗಳು ದೊಡ್ಡವಳಾದಳು ಎಂದು ನಾನು ಹಿಗ್ಗಿದ್ದೆ. ಯಾಕೆ ದೊಡ್ಡವಳಾಗಬೇಕಾಯಿತು ಎಂದು ಆಗ ಕೇಳಲಿಲ್ಲ.

ಫೋನಿರುವಾಗ ಪತ್ರವೇಕೆ ಎಂದು ನೀನು ನಗುತ್ತೀ, ಗೊತ್ತು. ಒಂದು, ನಮ್ಮ ಮನೆಯಲ್ಲಿ ಫೋನಿನ ಮಾತು ಪಡಸಾಲೆಯಿಂದ ಅಡುಗೆಮನೆಯವರೆಗೂ ಕೇಳುತ್ತದೆ. ಎರಡು, ನೀನು ಮೂರನೆಯ ಮಾತಿಗೇ ಆತು ಬಿಡಪಾ ಎಂದು ಇಟ್ಟುಬಿಡುತ್ತೀ. ಮೂರು, ಲೆಕ್ಕವನ್ನು ಕಿವಿಯಿಂದ ಕೇಳಿಸಿಕೊಳ್ಳಬಾರದು, ಕಣ್ಣಿನಿಂದ ಓದಬೇಕು. ಮೂವತ್ತೆರಡು ವರ್ಷ ಹುನಗುಂದ ತಾಲೂಕಿನ ಮನೆಮನೆಯ ಕರೆಂಟಿನ ಮೀಟರು ಓದಿದವನು ನಾನು. ಇಷ್ಟು ಬಿಲ್ ಬಂದಿದೆ ಎಂದು ಬಾಯಲ್ಲಿ ಹೇಳಿದರೆ ಜನ ಜಗಳಕ್ಕೆ ಬರುತ್ತಿದ್ದರು, ಚೀಟಿ ಬರೆದು ಕೈಗಿಟ್ಟರೆ ಸುಮ್ಮನಾಗುತ್ತಿದ್ದರು. ಆದ್ದರಿಂದ ಈ ಚೀಟಿ.

ದೀಪಾವಳಿಗೆ ಮುಂಚೆ ನೀನು ಫೋನಿಗೆ ರೊಟ್ಟಿ ಮಷಿನಿನ ಚಿತ್ರ ಕಳಿಸಿದೆ, ಜೊತೆಗೆ ತೊಂಬತ್ತೈದು ಸಾವಿರ ರೂಪಾಯಿಯನ್ನೂ ಕಳಿಸಿದೆ. ನೀನು ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಅಪ್ಪಾ, ತೊಂಬತ್ತೆರಡ ಸಾವಿರಕ್ಕ ಮನೀ ಬಾಗಲಕ್ಕ ತಂದ ಕೊಡ್ತಾರ. ಬಾಳಮ್ಮನ್ನ ಬಿಡಿಸಿಬಿಡ್ರಿ. ಆಕಿ ಪಗಾರ ಉಳೀತಂದ್ರ ಹತ್ತ ತಿಂಗಳದಾಗ ಮಷಿನ್ ಪುಕ್ಕಟ ಆಕ್ಕೈತಿ." ನಮ್ಮ ಮನೆಯ ರೊಟ್ಟಿ ವ್ಯಾಪಾರದಲ್ಲಿ ಹಂಚಿನ ಮುಂದೆ ಕೂಡುವ ಬಾಳಮ್ಮನಿಗೆ ದಿನಕ್ಕೆ ಮುನ್ನೂರೈವತ್ತು, ತಿಂಗಳಿಗೆ ಇಪ್ಪತ್ತಾರು ದಿನ, ಒಂಬತ್ತು ಸಾವಿರದ ನೂರು. ಭಾಗಾಕಾರ ಸರಿಯಾಗಿಯೇ ಮಾಡಿದ್ದೆ. ಮೀಟರ್ ಅಮಾತೆಪ್ಪನ ಮಗ ತಾನೆ. ಆದರೆ ಹುನಗುಂದದಿಂದ ಹದಿನೆಂಟು ಸಾವಿರಕ್ಕೆ ಹಳೆಯ ಬೈಕು ತಂದಾಗಲೂ ನಿನ್ನ ಭಾಗಾಕಾರ ಹೀಗೇ ಸರಿಯಿತ್ತು. ಆ ಬೈಕು ನಮ್ಮ ಮನೆಯ ಮುಂದೆ ನಿಂತದ್ದಕ್ಕಿಂತ ಹೆಚ್ಚು ದಿನ ಹಣಮೇಶನ ಗ್ಯಾರೇಜಿನ ಮುಂದೆ ನಿಂತಿತ್ತು. ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ, ಖರ್ಚನ್ನು ಮನೆಗೆ ತಂದ ಮೇಲೆ ನಾವೇ ತಿಂಗಳು ತಿಂಗಳು ಓದಿಕೊಳ್ಳಬೇಕು. ಅದಕ್ಕೇ ನಾನು ಆ ದಿನವೇ ದುಡ್ಡು ಕಟ್ಟದೆ, ವಿಚಾರಿಸಿ ಹೇಳುತ್ತೇನೆ ಎಂದೆ. ನೀನು ಸಿಟ್ಟಾದೆ. ಇರಲಿ.

ಮೊದಲು ಆ ಕಂಪನಿಯ ನಂಬರಿಗೆ ಫೋನು ಮಾಡಿ, ನಮ್ಮ ಜಿಲ್ಲೆಯಲ್ಲಿ ಈ ಮಷಿನು ಕೊಂಡವರ ಒಂದು ಹೆಸರು ಹೇಳಿರಿ, ಹೋಗಿ ನೋಡಿ ಬರುತ್ತೇನೆ ಎಂದು ಕೇಳಿದೆ. ಆ ಕಡೆಯ ಹೆಣ್ಣುಮಗಳು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿ ಬಹಳ ಮರ್ಯಾದೆಯಿಂದಲೇ ಫೋನು ಇಟ್ಟಳು. ಹೆಸರು ಕೊಟ್ಟದ್ದು ನಮ್ಮ ಬಾಳಮ್ಮ. ಅವಳ ಚಿಕ್ಕಮ್ಮ ಶಿವಲಿಂಗವ್ವ ಬಾದಾಮಿ ಹತ್ತಿರ ಚೊಳಚಗುಡ್ಡದಲ್ಲಿದ್ದಾಳೆ. ಬನಶಂಕರಿ ಗುಡಿಗೆ ಬರುವವರಿಗೆ ಬುಟ್ಟಿಯಲ್ಲಿ ರೊಟ್ಟಿ, ಮೊಸರು, ಕೆಂಪುಚಟ್ನಿ ಮಾರುವ ಹೆಂಗಸರ ಸಂಘದ ಮುಖ್ಯಸ್ಥೆ. ಆ ಸಂಘದವರು ಎರಡು ವರ್ಷದ ಹಿಂದೆ ಇದೇ ಕಂಪನಿಯ, ಇದೇ ಬಣ್ಣದ ಮಷಿನು ಕೊಂಡಿದ್ದಾರಂತೆ. ನೋಡು, ನಾವು ತೆಗೆದುಹಾಕಬೇಕೆಂದವಳೇ ನಮಗೆ ದಾರಿ ತೋರಿಸಿದಳು. ತನ್ನ ಕೂಲಿಗೆ ಸಂಚಕಾರ ತರುವ ಮಷಿನು ಎಂದು ಗೊತ್ತಿದ್ದೂ ತೋರಿಸಿದಳು.

ಒಬ್ಬನೇ ಹೋದರೆ ಮೋಟರಿನ ಹೊಟ್ಟೆಯೊಳಗೆ ಏನಿದೆ ಎಂದು ನನಗೆ ತಿಳಿಯದು. ಅದಕ್ಕೆ ಸುಭಾನಸಾಬನನ್ನು ಕರೆದುಕೊಂಡು ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು, ನನ್ನ ಸರ್ವಿಸಿನ ಉದ್ದಕ್ಕೂ ನಾನು ಸುಟ್ಟ ಮೋಟರಿನವರನ್ನು ಅವನ ಹತ್ತಿರ ಕಳಿಸಿದ್ದೇನೆ. ಚೊಳಚಗುಡ್ಡದಲ್ಲಿ ಸಂಘದ ಮಷಿನು ಒಂದು ಹಳೆಯ ಸೀರೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಮೇಲೆ ಮೊಸರಿನ ಮೂರು ಗಡಿಗೆ. ಗಡಿಗೆಗಳನ್ನು ಇಳಿಸಿ, ಸೀರೆ ತೆಗೆದು ಶಿವಲಿಂಗವ್ವ ತೋರಿಸಿದಳು. ಉಂಡೆಯನ್ನು ಇಡುವ ದುಂಡು ತಟ್ಟೆ ಇದೆಯಲ್ಲ, ಅದು ತಿರುಗುತ್ತದೆ, ಮೇಲಿನಿಂದ ಉರುಳೆ ಬಂದು ಹಿಟ್ಟನ್ನು ಒತ್ತಿ ಹರವುತ್ತದೆ. ಆ ತಟ್ಟೆಗೆ ಹಿಟ್ಟು ಅಂಟದ ಹಾಗೆ ಒಂದು ಕಪ್ಪು ಲೇಪ. ನಮ್ಮ ಜೋಳದ ಹಿಟ್ಟು ಅದನ್ನು ಎಂಟೇ ತಿಂಗಳಲ್ಲಿ ಕೆರೆದು ತಿಂದಿದೆ. ರೊಟ್ಟಿಯಲ್ಲಿ ಕಪ್ಪು ಚೂರು ಬರತೊಡಗಿದ ಮೇಲೆ ಭಕ್ತರು ಮುಖ ಸಿಂಡರಿಸಿದರು. ಹೊಸ ತಟ್ಟೆಗೆ ಹನ್ನೊಂದು ಸಾವಿರ. ಒಂದು ಸಲ ದುಡ್ಡು ಕಟ್ಟಿ ಹತ್ತೊಂಬತ್ತು ದಿನ ಕಾದರು. ಎರಡನೆಯ ಸಲ ಕಂಪನಿಯವರು ಫೋನೇ ಎತ್ತಲಿಲ್ಲ. ಸುಭಾನಸಾಬ ಮೋಟರು ಬಿಚ್ಚಿ ಒಂದು ಎಳೆ ತಂತಿಯನ್ನು ಉಗುರಿನಿಂದ ಕೆರೆದು ನನ್ನ ಅಂಗೈಯಲ್ಲಿಟ್ಟ. ಬೆಳ್ಳಗೆ ಹೊಳೆಯಿತು. "ತಾಮ್ರ ಇಲ್ಲೋ ಅಮಾತೆಪ್ಪ, ಅಲ್ಯುಮಿನಿಯಂ. ಎರಡ ಬ್ಯಾಸಗಿ ತಡದ್ರ ಅದ ದೊಡ್ಡದು" ಎಂದ. ಹೊರಡುವಾಗ ಶಿವಲಿಂಗವ್ವ ಮತ್ತೆ ಗಡಿಗೆಗಳನ್ನು ಅದರ ಮೇಲೆ ಜೋಡಿಸುತ್ತ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. "ಕೊಂಡದ್ದು ಒಂದ ದಿನಾರೀ ಸಾಹೇಬ್ರ, ಸಾಕಿದ್ದು ಎರಡ ವರ್ಸ."

ಮರುವಾರ ಬಾಗಲಕೋಟೆಗೆ ಹೋದೆ. ನವನಗರದಲ್ಲಿ ಹಿಟ್ಟಿನ ಗಿರಣಿ, ಶಾವಿಗೆ ಮಷಿನು ಮಾರುವ ಅಂಗಡಿಯೊಂದಿದೆ. ಅಲ್ಲಿನ ರೊಟ್ಟಿ ಮಷಿನಿಗೆ ಒಂದು ಲಕ್ಷ ಅರವತ್ತೆರಡು ಸಾವಿರ ಹೇಳಿದರು. ಅಂಗಡಿಯವ ಸ್ವಿಚ್ಚು ಒತ್ತಿ ಕಣ್ಣುಮುಚ್ಚಿ ತೆಗೆಯುವುದರೊಳಗೆ ಐದು ರೊಟ್ಟಿ ತೆಗೆದ, ಒಂದಕ್ಕಿಂತ ಒಂದು ದುಂಡು. ನಾನು ಅವನ ಪರಾತದಿಂದ ಒಂದು ಉಂಡೆ ಎತ್ತಿ ಎರಡೂ ಕೈಯಿಂದ ಎಳೆದೆ. ಎಳೆದಷ್ಟೂ ಬಂತು. ಜೋಳದ ಹಿಟ್ಟು ಎಳೆದರೆ ಕಡಿಯುತ್ತದೆ, ಎಳೆದಷ್ಟೂ ಬರುವುದು ಗೋಧಿ. ಅದನ್ನು ಹೇಳಿದೆ. ಅವನು ಗೋಧಿ ಒಂದೀಟು ಬೆರೆಸಿದ್ದೇನೆ ಎಂದು ಒಪ್ಪಿಕೊಂಡ. ನನ್ನ ಕೈಚೀಲದಲ್ಲಿ ಸೊಸೆ ಶೀಲಾಳ ಡಬ್ಬಿಯಿಂದ ತಂದ ಎರಡು ಕಿಲೋ ಜೋಳದ ಹಿಟ್ಟಿತ್ತು. ಮನೆಯಿಂದ ಹೊರಡುವಾಗ ಕುದಿಯುವ ನೀರು ಹಾಕಿ ನಾದಬೇಕೆಂದು ಅವಳು ಮೂರು ಸಲ ಹೇಳಿ ಕಳಿಸಿದ್ದಳು. ಅಂಗಡಿಯಲ್ಲಿ ನಾದುವವರು ಯಾರೂ ಇರಲಿಲ್ಲ. ಅರವತ್ತೆಂಟನೆಯ ವಯಸ್ಸಿನಲ್ಲಿ ನಿನ್ನ ಅಪ್ಪ ಅಂಗಿಯ ತೋಳು ಮಡಚಿ, ಬಾಗಲಕೋಟೆಯ ನಡುಪೇಟೆಯಲ್ಲಿ ಕೂತು ಜೀವನದಲ್ಲಿ ಮೊದಲ ಸಲ ಹಿಟ್ಟು ನಾದಿದ. ನೀನು ನೋಡಿದ್ದರೆ ವಿಡಿಯೋ ತೆಗೆದು ಊರಿಗೆಲ್ಲ ಕಳಿಸುತ್ತಿದ್ದೆ. ಮೊದಲ ಮೂರು ರೊಟ್ಟಿಯ ಅಂಚು ಒಡೆಯಿತು. ಉರುಳೆಯನ್ನು ಒಂದು ಸುತ್ತು ಸಡಿಲಿಸಿದ ಮೇಲೆ ನಾಲ್ಕನೆಯದು ಸರಿಯಾಗಿ ಬಂತು, ಆಮೇಲೆ ಇಪ್ಪತ್ತೂ ಸರಿಯಾಗಿ ಬಂದವು. ತಟ್ಟೆಗೆ ಲೇಪವಿಲ್ಲ, ಬರೀ ಸ್ಟೀಲು. ಒಣಹಿಟ್ಟು ಉದುರಿಸಿಕೊಳ್ಳಬೇಕು, ಅಷ್ಟೇ. ಮೋಟರು ಬಿಚ್ಚಿಸಿ ತಂತಿ ಕೆರೆದು ನೋಡಿದೆ, ತಾಮ್ರದ್ದು. ಬೆಲ್ಟಿನ ಅಳತೆ ಬರೆದುಕೊಂಡು ಬಂದೆ. ನಮ್ಮ ಹಿಟ್ಟಿನ ಗಿರಣಿಗಳಿಗೆ ಹಾಕುವ ಬೆಲ್ಟೇ ಅದಕ್ಕೂ ಸರಿಹೊಂದುತ್ತದೆ, ಇಳಕಲ್ಲಿನಲ್ಲೇ ಮುನ್ನೂರೈವತ್ತಕ್ಕೆ ಸಿಗುತ್ತದೆ ಎಂದು ಊರಿಗೆ ಬಂದ ಮೇಲೆ ಸುಭಾನಸಾಬ ಹೇಳಿದ. ಒಂದೂವರೆ ತಾಸು ಚೌಕಾಸಿ ಮಾಡಿ ಒಂದು ಲಕ್ಷ ನಲವತ್ತೆಂಟಕ್ಕೆ ಇಳಿಸಿದೆ. ವಾಪಸು ಬರುವಾಗ ಅಮೀನಗಡದಲ್ಲಿ ನೀಲಾಳಿಗೆ ಕರದಂಟು ಕೊಂಡೆ. ಬಸ್ಸಿನಲ್ಲಿ ಬಲಗೈ ಮಣಿಕಟ್ಟು ಚುಳುಚುಳು ಎನ್ನುತ್ತಿತ್ತು, ಎರಡೇ ಕಿಲೋ ಹಿಟ್ಟಿಗೆ. ಆಗಲೂ ನನ್ನ ತಲೆಗೆ ಏನೂ ಹೋಗಲಿಲ್ಲ.

ಈಗ ಲೆಕ್ಕ ನೋಡು. ನೀನು ಹೇಳಿದ ಮಷಿನು ತೊಂಬತ್ತೆರಡು ಸಾವಿರ. ಐದು ವರ್ಷದಲ್ಲಿ ತಟ್ಟೆ ಕಡಿಮೆಯೆಂದರೂ ಆರು ಸಲ ಬದಲಿಸಬೇಕು, ಅರವತ್ತಾರು ಸಾವಿರ. ಮೋಟರಿನ ವೈಂಡಿಂಗ್ ಎರಡು ಸಲ, ಏಳು ಸಾವಿರ. ಒಟ್ಟು ಒಂದು ಲಕ್ಷ ಅರವತ್ತೈದು ಸಾವಿರ. ಬಾಗಲಕೋಟೆಯದು ಒಂದು ಲಕ್ಷ ನಲವತ್ತೆಂಟು. ಮೊದಲ ವರ್ಷ ಬಿಟ್ಟು ನಾಲ್ಕು ವರ್ಷದ ಸರ್ವಿಸು ಹನ್ನೆರಡು ಸಾವಿರ, ಹತ್ತು ಬೆಲ್ಟಿಗೆ ಮೂರೂವರೆ ಸಾವಿರ. ಒಟ್ಟು ಒಂದು ಲಕ್ಷ ಅರವತ್ಮೂರೂವರೆ ಸಾವಿರ. ಅಗ್ಗದ ಮಷಿನು ದುಬಾರಿ ಮಷಿನಿಗಿಂತ ಒಂದೂವರೆ ಸಾವಿರ ಹೆಚ್ಚಿಗೆ ನುಂಗುತ್ತದೆ. ತಟ್ಟೆಗಾಗಿ ಕಾಯುವ ದಿನಗಳಲ್ಲಿ ಹುಬ್ಬಳ್ಳಿಯ ಅಂಗಡಿಯವರೂ ಪುಣೆಯ ಖಾನಾವಳಿಯವರೂ ಬೇರೆಯವರ ಹತ್ತಿರ ರೊಟ್ಟಿ ಕೊಳ್ಳುತ್ತಾರೆ, ಆ ಲುಕ್ಸಾನು ಬೇರೆ. ಕರೆಂಟು ಎರಡಕ್ಕೂ ಒಂದೇ, ದಿನಕ್ಕೆ ಒಂದೂವರೆ ಯೂನಿಟ್ಟು, ಹನ್ನೆರಡು ರೂಪಾಯಿ ಹಿಡಿ. ಜನ ಕರೆಂಟಿಗೆ ಹೆದರುತ್ತಾರೆ, ಎಲ್ಲಕ್ಕಿಂತ ಸಣ್ಣ ಖರ್ಚು ಅದೇ. ಹಾಂ, ಮನೆಯ ಮೀಟರಿನ ಮೇಲೆ ವ್ಯಾಪಾರದ ಮಷಿನು ಓಡಿಸುವುದಿಲ್ಲ. ಬೇರೆ ಮೀಟರಿಗೆ ಅರ್ಜಿ ಕೊಟ್ಟಿದ್ದೇನೆ. ಊರಿನ ಕಳ್ಳ ಕರೆಂಟನ್ನೆಲ್ಲ ಹಿಡಿದವನ ಮನೆಯಲ್ಲಿ ಅದು ನಡೆಯಬಾರದು.

ಆದರೆ ಈ ಎರಡೂ ಲೆಕ್ಕದ ಕೆಳಗೆ ನಾನು ಮೂರನೆಯದೊಂದನ್ನು ಬರೆದಿದ್ದೆ, ಮಷಿನು ಕೊಳ್ಳದೇ ಇದ್ದರೆ ಎಷ್ಟು ಎಂದು. ಮಷಿನು ಹಿಟ್ಟನ್ನು ಹರವುತ್ತದೆ, ಅಷ್ಟೇ. ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಖಡಕ್ ಆಗುವ ಹಾಗೆ ಬೇಯಿಸಲು ಬಾಳಮ್ಮ ಬೇಕೇ ಬೇಕು. ನೀನು ಆಕೆಯ ಪಗಾರ ಉಳಿಯುತ್ತದೆ ಎಂದದ್ದು ಶುದ್ಧ ತಪ್ಪು. ಮಷಿನು ಬಂದರೆ ಕಡಿಮೆಯಾಗುವುದು ಬಡಿಯುವ ಕೆಲಸ. ಬಡಿಯುವವಳು ಶೀಲಾ. ಶೀಲಾಳ ಹೆಸರಿನ ಮುಂದೆ ನಾನು ಬರೆದದ್ದು ಏನು ಗೊತ್ತೇ? ಮನೆಯವರು, ಖರ್ಚಿಲ್ಲ. ಅಂದಮೇಲೆ ಮಷಿನಿನಿಂದ ಉಳಿತಾಯ ಸೊನ್ನೆ, ಖರ್ಚು ಒಂದು ಲಕ್ಷ ಅರವತ್ಮೂರೂವರೆ ಸಾವಿರ. ಮಷಿನು ಬೇಡ ಎಂದು ಕೆಳಗೆ ಎರಡು ಗೆರೆ ಎಳೆದೆ. ನನ್ನ ಲೆಕ್ಕದ ಬಗ್ಗೆ ನನಗೆ ಬಹಳ ಹೆಮ್ಮೆಯಾಗಿತ್ತು. ಹತ್ತನೆಯ ತಾರೀಖು ಭಾನುವಾರ ಇಬ್ಬರನ್ನೂ ಪಡಸಾಲೆಯಲ್ಲಿ ಕೂಡಿಸಿ, ಕನ್ನಡಕ ಒರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ.

ಶೀಲಾ ತಲೆಯಾಡಿಸಿ, ನೀವು ಹೇಳಿದ ಹಾಗೇ ಆಗಲಿ ಎಂದು ಒಳಗೆ ಹೋದಳು. ಬಾಳಮ್ಮ ಏಳಲಿಲ್ಲ. ಅವಳಿಗೆ ಓದು ಬರುವುದಿಲ್ಲ, ಆದರೂ ಹಾಳೆಯ ಮೇಲೆ ಬೆರಳಿಟ್ಟು ಕೇಳಿದಳು. "ಯಜ್ಜಾ, ನನ್ನ ಕೈಗೆ ಮುನ್ನೂರೈವತ್ತ ಬರದೀರಿ. ಅಕ್ಕಾರ ಕೈಗೆ ಏನೂ ಬರದಿಲ್ಲಲ್ರಿ. ಆ ಕೈ ಏನ ಪುಕ್ಕಟ ಬಂದಾವೇನ್ರಿ?" ಒಳಗಿನಿಂದ ಶೀಲಾ ಬಾಳಮ್ಮನ ಹೆಸರು ಹಿಡಿದು ಕರೆದಳು, ಸುಮ್ಮನಿರು ಎನ್ನುವ ದನಿಯಲ್ಲಿ. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಕೂಲಿಯವಳು ನನ್ನ ಲೆಕ್ಕದಲ್ಲಿ ತಪ್ಪು ತೆಗೆದಳಲ್ಲ ಎಂಬ ಸಿಟ್ಟು. ಆ ಸಿಟ್ಟಿಗೇ ಮರುದಿನ ಬೆಳಿಗ್ಗೆ, ಶೀಲಾ ಎಷ್ಟು ಹೊತ್ತಿನಲ್ಲಿ ಎಷ್ಟು ರೊಟ್ಟಿ ಬಡಿಯುತ್ತಾಳೆ ಎಂದು ಅಳೆದು, ಅದಕ್ಕೂ ಒಂದು ಬೆಲೆ ಕಟ್ಟಿ ಬಾಳಮ್ಮನ ಬಾಯಿ ಮುಚ್ಚಿಸಬೇಕೆಂದು ಕೈಗಡಿಯಾರ ಹಿಡಿದು ಪಡಸಾಲೆಯಲ್ಲಿ ಕೂತೆ.

ರೊಟ್ಟಿ ಬಡಿಯುವ ಸಪ್ಪಳ ಹೊರಗಿನವರೆಗೂ ಕೇಳುತ್ತದೆಂದು ನಿನಗೆ ಗೊತ್ತು. ನೋಡಬೇಕಿಲ್ಲ, ಎಣಿಸಿದರೆ ಸಾಕು. ಮೊದಲ ಅರ್ಧ ತಾಸಿನಲ್ಲಿ ಮೂವತ್ತೊಂದು ರೊಟ್ಟಿ. ಎರಡನೆಯದರಲ್ಲಿ ಇಪ್ಪತ್ತೊಂಬತ್ತು. ಮೂರನೆಯದರಲ್ಲಿ ಇಪ್ಪತ್ತೆರಡು. ನಾಲ್ಕನೆಯದರಲ್ಲಿ ಹದಿನೇಳು. ನಾನು ತಪ್ಪು ಎಣಿಸಿದೆ ಎಂದುಕೊಂಡೆ. ಮಂಗಳವಾರ ಮತ್ತೆ ಕೂತೆ, ಬುಧವಾರವೂ ಕೂತೆ. ಮೂರು ದಿನವೂ ಹಾಗೇ, ಬುಧವಾರ ನಾಲ್ಕನೆಯ ಅರ್ಧ ತಾಸಿಗೆ ಹದಿನಾಲ್ಕು. ಒಂದು ಮನೆಯ ಮೀಟರು ಇದ್ದಕ್ಕಿದ್ದ ಹಾಗೆ ಕಡಿಮೆ ಓಡಿದರೆ ನಾವು ಅದನ್ನು ಹಾಗೇ ಬರೆದುಕೊಂಡು ಬರುತ್ತಿರಲಿಲ್ಲ, ಒಳಗೆ ಹೋಗಿ ನೋಡುತ್ತಿದ್ದೆವು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಶೀಲಾ ಬಲಗೈಯನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿಕೊಂಡು ಕೂತಿದ್ದಳು. ತೆಗೆದು ಜಾಡಿಸಿದಳು, ಎಡಗೈಯಿಂದ ಬಲಗೈ ಹೆಬ್ಬೆರಳನ್ನು ಹಿಡಿದು ಎಳೆದಳು, ಮತ್ತೆ ಬಡಿಯತೊಡಗಿದಳು. ಬಾಳಮ್ಮ ನನ್ನನ್ನು ನೋಡಿದಳು. ಹೇಳುವುದನ್ನು ಅವಳು ಭಾನುವಾರವೇ ಹೇಳಿದ್ದಳು.

ಆರು ತಿಂಗಳಿಂದ ಬೆರಳು ಜುಮ್ಮೆನ್ನುತ್ತಿವೆಯಂತೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಮುಟ್ಟಿದ್ದು ಗೊತ್ತಾಗುವುದಿಲ್ಲವಂತೆ. ಬಾಚಣಿಗೆ ಕೈಯಿಂದ ಜಾರುತ್ತದೆ. ನೀಲಾ ತನ್ನ ಜಡೆ ತಾನೇ ಹಾಕಿಕೊಳ್ಳುವುದು ಅದಕ್ಕೆ. ನಿನಗೆ ಹೇಳಿದರೆ ಅಷ್ಟು ದೂರದಲ್ಲಿ ಚಿಂತೆ ಮಾಡುತ್ತೀ, ನನಗೆ ಹೇಳಿದರೆ ವ್ಯಾಪಾರ ಬಂದ್ ಮಾಡಿಸುತ್ತೇನೆ ಎಂದು ಸುಮ್ಮನಿದ್ದಳು. ದಿನಕ್ಕೆ ಮುನ್ನೂರು ರೊಟ್ಟಿ, ಹತ್ತು ವರ್ಷ. ಮೊನ್ನೆ ಗುರುವಾರ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಮಣಿಕಟ್ಟಿನಲ್ಲಿ ನರ ಅದುಮಿದೆ, ಇನ್ನು ರೊಟ್ಟಿ ಬಡಿಯುವುದು ಪೂರ್ತಿ ಬಂದ್ ಎಂದು ಡಾಕ್ಟರು ಹೇಳಿದರು. ಹೀಗೇ ಬಿಟ್ಟರೆ ಹೆಬ್ಬೆರಳಿನ ಶಕ್ತಿ ಹೋಗಿಬಿಡುತ್ತದೆ, ಆಮೇಲೆ ಏನು ಮಾಡಿದರೂ ಬರುವುದಿಲ್ಲವಂತೆ. ಕೈಗೆ ಪಟ್ಟಿ ಕೊಟ್ಟಿದ್ದಾರೆ, ಔಷಧಿ ಕೊಟ್ಟಿದ್ದಾರೆ.

ಆ ದಿನ ದವಾಖಾನೆಯ ಬೆಂಚಿನ ಮೇಲೆ ಕೂತಾಗ ನಿನ್ನ ಅವ್ವ ನೆನಪಾದಳು. ಕೊನೆಯ ನಾಲ್ಕು ವರ್ಷ ಅವಳು ಚಹಾದ ಲೋಟವನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದಳು, ನಿನಗೆ ನೆನಪಿದೆಯೇ? ಬಂಗಾರದ ಲೋಟ ಹಿಡಿದ ಹಾಗೆ ಹಿಡಿಯುತ್ತೀಯಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ಒಂಬತ್ತು ಜನರ ಮನೆಗೆ ಎರಡು ಹೊತ್ತು ಬಡಿದ ಕೈ ಅದು. ಊರಿನ ಮೀಟರನ್ನೆಲ್ಲ ಓದಿದೆ ನಾಗಲಿಂಗ, ಮನೆಯೊಳಗಿನದೊಂದನ್ನು ಓದಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಶೀಲಾ ಪಕ್ಕದಲ್ಲಿದ್ದಳೆಂದು ಹೊರಗೆ ಹೋಗಿ ನೀರು ಕುಡಿದು ಬಂದೆ.

ಆದ್ದರಿಂದ ಮೂರನೆಯ ಲೆಕ್ಕವನ್ನು ಹರಿದು ಹೊಸದಾಗಿ ಬರೆದಿದ್ದೇನೆ. ಶೀಲಾಳ ಹೆಸರಿನ ಮುಂದೆ ದಿನಕ್ಕೆ ಮುನ್ನೂರೈವತ್ತು ಹಾಕಿದೆ. ಹಾಕಿದ ಕೂಡಲೇ ಬಾಗಲಕೋಟೆಯ ಮಷಿನು ಹದಿನೆಂಟು ತಿಂಗಳಲ್ಲಿ ತನ್ನ ಖರ್ಚನ್ನೆಲ್ಲ ತೀರಿಸುತ್ತದೆ. ಅದು ಬರೀ ಕೂಲಿಯ ಲೆಕ್ಕ, ಕೈಯ ಬೆಲೆ ಅದರಲ್ಲಿಲ್ಲ, ಅದನ್ನು ಹೇಗೆ ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ಮೊನ್ನೆ ಶನಿವಾರ ಹೋಗಿ ಪೂರ್ತಿ ದುಡ್ಡು ಕಟ್ಟಿ ಬಂದೆ. ಇಪ್ಪತ್ತೈದಕ್ಕೆ ಮಷಿನು ಬರುತ್ತದೆ. ನೀನು ಕಳಿಸಿದ್ದು ತೊಂಬತ್ತೈದು. ಉಳಿದದ್ದಕ್ಕೂ ಹೊಸ ಮೀಟರಿಗೂ ಸೇರಿ ಅರವತ್ತು ಸಾವಿರವನ್ನು ನನ್ನ ಪೋಸ್ಟಿನ ಪುಸ್ತಕದಿಂದ ತೆಗೆದೆ. ಅದು ನಿನ್ನ ಅವ್ವನ ಗದ್ದುಗೆಗೆ ಕಲ್ಲು ಹಾಸಲು ಇಟ್ಟದ್ದು. ನೀನೇ ಪಾಲಿಶ್ ಮಾಡಿ ಕೂಡಿಸಬೇಕು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಕಲ್ಲು ಎರಡು ವರ್ಷ ತಡವಾಗುತ್ತದೆ. ಅವಳು ಇದ್ದಿದ್ದರೆ ಇದನ್ನೇ ಮೊದಲು ಮಾಡು ಎನ್ನುತ್ತಿದ್ದಳು.

ಬಾಳಮ್ಮನನ್ನು ಬಿಡಿಸುವ ಮಾತು ಇನ್ನು ಎತ್ತಬೇಡ. ಮಷಿನು ನಡೆಸುವವಳು, ಬೇಯಿಸುವವಳು ಅವಳೇ. ಈ ತಿಂಗಳಿಂದ ನಾನೂರು ಮಾಡಿದ್ದೇನೆ. ಸದ್ಯ ಅವಳೇ ಬಡಿದು ಅವಳೇ ಬೇಯಿಸುತ್ತಾಳೆ, ದಿನಕ್ಕೆ ನೂರೈವತ್ತರ ಮೇಲೆ ಬಡಿಯಬಾರದು ಎಂದು ತಾಕೀತು ಮಾಡಿದ್ದೇನೆ. ಪುಣೆಯವರಿಗೂ ಹುಬ್ಬಳ್ಳಿಯವರಿಗೂ ಫೋನು ಮಾಡಿ ಎರಡು ವಾರ ಅರ್ಧ ಆರ್ಡರು ಎಂದು ಹೇಳಿದೆ, ಒಪ್ಪಿದರು. ಶೀಲಾಳ ಹೆಸರಿನಲ್ಲಿ ಪೋಸ್ಟಿನಲ್ಲಿ ಒಂದು ಪುಸ್ತಕ ತೆಗೆಸಿದ್ದೇನೆ, ತಿಂಗಳಿಗೆ ಅವಳ ಒಂಬತ್ತು ಸಾವಿರದ ನೂರು ಅದಕ್ಕೆ ಹೋಗುತ್ತದೆ. ಮನೆಯಲ್ಲೇ ಮನೆಯವರಿಗೆ ಪಗಾರವೇ ಎಂದು ಅವಳು ನಕ್ಕಳು. ನಗಲಿ.

ಅಲ್ಲಿ ನಿಮ್ಮ ಅರ್ಷದ ಮೇಸ್ತ್ರಿಗೆ ನನ್ನ ನಮಸ್ಕಾರ ತಿಳಿಸು. ಸುಭಾನಸಾಬ ನಿನ್ನನ್ನು ಕೇಳಿದ, ನೀಲಾ ಬರುವಾಗ ಆನೆಯ ಚಿತ್ರದ ಕಂಪಾಸ್ ಪೆಟ್ಟಿಗೆ ತರಲು ಹೇಳಿದ್ದಾಳೆ. ಶೀಲಾ ಈ ಪತ್ರವನ್ನು ಓದಿ ನೋಡಿದ ಮೇಲೆಯೇ ಕಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ಓದಿದಳು. ಒಂದು ಕಡೆ ಎರಡು ಸಾಲು ಹೊಡೆದುಹಾಕಿಸಿದಳು, ಹೊಸ ಹಾಳೆಯಲ್ಲಿ ನಕಲು ಮಾಡಿ ಬರೆದೆ. ಸಂಗಮನಾಥ ನಿನ್ನ ಕೈಕಾಲು ಗಟ್ಟಿಯಾಗಿಡಲಿ.

ಇಂತಿ ನಿನ್ನ ಅಪ್ಪ,
ಅಮಾತೆಪ್ಪ

ತಾ.ಕ.: ಇದನ್ನು ಅಂಚೆ ಕಚೇರಿಯಲ್ಲಿ ನಿಂತು, ದಾರ ಕಟ್ಟಿದ ಪೆನ್ನಿನಿಂದ ಬರೆಯುತ್ತಿದ್ದೇನೆ. ಅಂಟು ಅಂಚೆಯಲ್ಲೇ ಇರುತ್ತದೆ ಎಂದು ಹೇಳಿ ಲಕೋಟೆ ಮುಚ್ಚದೆ ತಂದೆ. ಶೀಲಾ ಹೊಡೆಸಿದ ಎರಡು ಸಾಲು ಇವು: ಕೈಗೆ ಆಪರೇಶನ್ ಆಗಬೇಕು. ಡಿಸೆಂಬರ್ ಹನ್ನೆರಡು, ಗುರುವಾರ, ಬಾಗಲಕೋಟೆ. ದೊಡ್ಡದೇನಲ್ಲ, ಅದೇ ದಿನ ಮನೆಗೆ ಕಳಿಸುತ್ತಾರೆ, ಆದರೆ ಮೂರು ವಾರ ಬಲಗೈ ಉಪಯೋಗಿಸುವಂತಿಲ್ಲ. "ಮಾವಾರ, ಅದನ್ನೊಂದ ಬರೀಬ್ಯಾಡ್ರಿ. ಕೆಲಸ ಅರ್ಧಕ್ಕ ಬಿಟ್ಟ ಬಂದಬಿಡ್ತಾರ, ಬೋನಸ್ ಹೊಕ್ಕೈತಿ" ಎಂದಳು. ನಾನು ಚಹಾ ಕುದಿಸಬಲ್ಲೆ. ನೀಲಾಳ ಜಡೆ ಹಾಕುವುದನ್ನೂ ಕಲಿತಿದ್ದೇನೆ. ಆದರೆ ನನ್ನ ಮುಂದೆ ಶೀಲಾ ಸೆರಗು ಸರಿಮಾಡಿಕೊಳ್ಳದೆ ನಿಂತವಳಲ್ಲ, ನನ್ನ ಕೈಯಿಂದ ತುತ್ತು ತಿನ್ನುತ್ತಾಳೆಯೇ? ಹಸಿವಿಲ್ಲ ಎಂದು ಉಪವಾಸ ಇರುತ್ತಾಳೆ. ನಿನ್ನ ದಿನಗೂಲಿ ಒಂಬೈನೂರು. ಹೋಗಿಬರುವುದೂ ಸೇರಿ ಇಪ್ಪತ್ತೈದು ದಿನಕ್ಕೆ ಇಪ್ಪತ್ತೆರಡೂವರೆ ಸಾವಿರ, ಬೋನಸ್ಸು ಹದಿನೈದು, ರೈಲಿಗೆ ಮೂರು. ಒಟ್ಟು ನಲವತ್ತೂವರೆ ಸಾವಿರ. ಅದನ್ನೂ ಮಷಿನಿನ ಖರ್ಚಿನ ಕೆಳಗೆ ಬರೆದಿಟ್ಟಿದ್ದೇನೆ. ಎರಡು ಸಲ ಕೂಡಿಸಿ ನೋಡಿದೆ. ಲೆಕ್ಕ ಸರಿಹೋಗುತ್ತದೆ, ಹೊರಟು ಬಾ.